ಬೇಳೆ ಗಿರಣಿಗಳೂ ಪ್ರಯೋಗಬುದ್ಧಿಯೂ

ಕಲಬುರಗಿ ಸೀಮೆಯ ತೊಗರಿಯು ದೇಶದ ಬೇಳೆ ಪೇಟೆಗಳಲ್ಲೆಲ್ಲ ಹೆಸರಾದುದೆಂಬುದು ಗ್ರಾಮದ ಮುಖಂಡರಿಗೂ ಜಮೀನುದಾರರಿಗೂ ಹೊಸದಾಗಿ ಹೇಳಬೇಕಾದ ಸಂಗತಿಯಲ್ಲ. ಭೀಮಾ ಮತ್ತು ಕಾಗಿಣಾ ನದಿಗಳ ಆಸುಪಾಸಿನ ಎರೆ ಭೂಮಿಯಲ್ಲಿ ಬೆಳೆದ ಕಾಳಿನ ಬೇಳೆಯು ರುಚಿಯಲ್ಲಿ ಮೇಲಾದುದೆಂದು ಬಳಸುವವರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. 2019ರಲ್ಲಿ ‘ಗುಲ್ಬರ್ಗಾ ತೊಗರಿ ಬೇಳೆ’ ಎಂಬ ಹೆಸರಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಇಷ್ಟಾಗಿಯೂ ಈ ಸೀಮೆಯ ಜಮೀನುದಾರನು ಹಂಗಾಮಿನಲ್ಲಿ ತೊಗರಿಯನ್ನು ಕಾಳಾಗಿಯೇ ಮಾರಿ, ಶ್ರಾವಣದ ಹೊತ್ತಿಗೆ ಮನೆಗೆ ಬೇಕಾದ ಬೇಳೆಯನ್ನು ಪೇಟೆಯಿಂದ ಕೊಂಡು ತರುವುದು ಅಪರೂಪವಲ್ಲ. ಆ ಬೇಳೆಯು ಯಾವ ಹೊಲದ ಕಾಳಿನಿಂದ ಆದುದೆಂದು ಕೊಂಡವನಿಗೆ ತಿಳಿಯದು, ಮಾರಿದವನಿಗೂ ತಿಳಿಯದು.

ಹೊಲಕ್ಕೂ ಅಡಿಗೆಮನೆಗೂ ನಡುವೆ ನಿಂತಿರುವುದು ಬೇಳೆ ಗಿರಣಿ. ಕಪನೂರು ಕೈಗಾರಿಕಾ ಪ್ರದೇಶದಲ್ಲಿಯೂ ನಗರದ ಇತರ ಭಾಗಗಳಲ್ಲಿಯೂ ತೊಗರಿಯನ್ನು ನಂಬಿಕೊಂಡು ನೂರಾರು ಗಿರಣಿಗಳು ಹುಟ್ಟಿದುವು. ಇವು ದೊಡ್ಡ ಬಂಡವಾಳಗಾರರ ಕಾರ್ಖಾನೆಗಳಲ್ಲ. ಒಂದು ಕುಟುಂಬದ ಹಣ, ಬ್ಯಾಂಕಿನ ಸಾಲ, ಹತ್ತಿಪ್ಪತ್ತು ಜನ ಕೆಲಸಗಾರರು, ಬೇಳೆ ಒಣಗಿಸಲು ಒಂದು ವಿಶಾಲವಾದ ಅಂಗಳ, ಬಹುಪಾಲು ಗಿರಣಿಗಳ ಸ್ವರೂಪವು ಇಷ್ಟೇ. ಇವುಗಳಲ್ಲಿ ಎಷ್ಟೋ ಗಿರಣಿಗಳಿಗೆ ಈಚಿನ ವರ್ಷಗಳಲ್ಲಿ ಬೀಗ ಬಿದ್ದಿದೆ. ಮತ್ತೆ ಕೆಲವು ವರ್ಷದಲ್ಲಿ ಕೆಲವೇ ತಿಂಗಳು ತಿರುಗುತ್ತವೆ. ಗಿರಣಿಯವನ ಕಷ್ಟವು ಗಿರಣಿಯವನಿಗೆ ಎಂದು ಜಮೀನುದಾರರು ಸುಮ್ಮನಿರುವಂತಿಲ್ಲ. ಊರ ಗಿರಣಿ ಮುಚ್ಚಿದರೆ ಗಂಜಿನಲ್ಲಿ ಸವಾಲು ಕೂಗುವವರು ಕಡಮೆಯಾಗುವರು, ಕಾಳು ದೂರದ ಊರಿಗೆ ಹೋಗುವುದು, ಆ ದೂರದ ಬಾಡಿಗೆಯು ರೈತನಿಗೆ ಸಲ್ಲುವ ಬೆಲೆಯೊಳಗಿಂದಲೇ ಕಳೆಯುವುದು. ನಿಜಾಮರ ಆಳ್ವಿಕೆಯಲ್ಲಿ ಇದೇ ನಗರದಲ್ಲಿ ತಲೆಯೆತ್ತಿದ ಮಹಬೂಬ್ ಶಾಹಿ ಬಟ್ಟೆ ಗಿರಣಿಯು ಇಂದು ಒಂದು ಬಡಾವಣೆಯ ಹೆಸರಾಗಿ ಮಾತ್ರ ಉಳಿದಿರುವುದನ್ನು ನೋಡಿದವರಿಗೆ ಬೇಳೆ ಗಿರಣಿಗಳ ಮುಂದಿನ ಗತಿಯನ್ನು ಕುರಿತು ಚಿಂತೆಯುಂಟಾಗುವುದು ಸಹಜವೇ.

ಗಿರಣಿಯವರನ್ನು ವಿಚಾರಿಸಿದರೆ ಕಾರಣಗಳಿಗೆ ಕೊರತೆಯಿಲ್ಲ. ಕೇಂದ್ರ ಸರಕಾರವು 2021ರ ಮೇ ತಿಂಗಳಿಂದ ನಿರ್ಬಂಧವಿಲ್ಲದೆ ತೊಗರಿಯನ್ನು ತರಿಸಲು ಅವಕಾಶವಿತ್ತು, ಆ ಅವಧಿಯನ್ನು ಮೇಲಿಂದ ಮೇಲೆ ವಿಸ್ತರಿಸಿತು. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ ಮೊದಲಾದ ದೇಶಗಳ ಕಾಳು ಬಂದರಿನ ಪಟ್ಟಣಗಳಿಗೆ ನೇರವಾಗಿ ಇಳಿಯುವಾಗ ಒಳನಾಡಿನ ಗಿರಣಿಗೆ ಹಿಂದಿದ್ದ ಅನುಕೂಲವು ತಗ್ಗುವುದು. ವಿದ್ಯುತ್ತಿನ ವೆಚ್ಚ, ಸಾಲದ ಬಡ್ಡಿ, ಲಾತೂರು ಅಕೋಲಾ ಇಂದೂರುಗಳ ಪೈಪೋಟಿ, ಇವೆಲ್ಲವೂ ನಿಜವೇ. ಆದರೆ ಇವುಗಳಲ್ಲಿ ಒಂದಾದರೂ ಕಲಬುರಗಿಯವರ ಕೈಯಲ್ಲಿಲ್ಲ. ಕೈಯಲ್ಲಿರುವ ಒಂದು ಕಾರಣವನ್ನು ಮಾತ್ರ ಯಾರೂ ಹೇಳುವುದಿಲ್ಲ. ಗಿರಣಿಯಲ್ಲಿ ಹೊಸದನ್ನು ಪರೀಕ್ಷಿಸಿ ನೋಡುವ ರೂಢಿಯಿಲ್ಲ. ರೂಢಿಯಿಲ್ಲದಿರುವುದಕ್ಕೆ ಕಾರಣ, ಪರೀಕ್ಷೆಯ ಫಲವನ್ನು ತೋರಿಸುವ ಅಳತೆಯಿಲ್ಲ.

ಹೊಸತನವೆಂದೊಡನೆ ಹೊಸ ಯಂತ್ರವೆಂದು ತಿಳಿಯುವುದು ಸಾಮಾನ್ಯ. ಒಬ್ಬನು ಬಣ್ಣ ನೋಡಿ ಬೇಳೆಯನ್ನು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರವನ್ನು ತಂದರೆ ನೆರೆಯವನೂ ಸಾಲ ಮಾಡಿ ಅದನ್ನೇ ತರುವನು. ಯಂತ್ರವು ಕೆಟ್ಟದ್ದಲ್ಲ; ಕಪ್ಪು ಕಾಳು, ಸಿಪ್ಪೆ ಉಳಿದ ಬೇಳೆ, ಕಲ್ಲಿನ ಚೂರು ಇವುಗಳನ್ನು ಅದು ಚೊಕ್ಕವಾಗಿ ತೆಗೆಯುತ್ತದೆ. ಆದರೆ ಅದು ಕೆಲಸದ ಕೊನೆಯಲ್ಲಿ ಕುಳಿತಿರುವ ಯಂತ್ರ. ಮೊದಲ ಹಂತಗಳಲ್ಲಿ ನುಚ್ಚಾಗಿ ಹೋದ ಬೇಳೆಯನ್ನು ಅದು ಮರಳಿ ಕೊಡಲಾರದು.

ನಷ್ಟವು ಎಲ್ಲಿ ಆಗುತ್ತದೆಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಯುಕ್ತ. ತೊಗರಿಯ ಸಿಪ್ಪೆಗೂ ಒಳಗಿನ ಬೇಳೆಗೂ ನಡುವೆ ಅಂಟಿನಂತಹ ಒಂದು ಪದರವಿರುತ್ತದೆ. ಕಡಲೆಯ ಸಿಪ್ಪೆಯಂತೆ ಇದರ ಸಿಪ್ಪೆ ಸುಲಭವಾಗಿ ಬಿಡುವುದಿಲ್ಲ. ಆದುದರಿಂದ ಕಾಳನ್ನು ಮೊದಲು ಜರಡಿಯಾಡಿಸಿ, ಒರಟು ಕಲ್ಲಿನ ರೋಲರಿನಲ್ಲಿ ಹಾಯಿಸಿ ಸಿಪ್ಪೆಗೆ ಗೀರು ಬೀಳಿಸುತ್ತಾರೆ. ಆಮೇಲೆ ಸ್ವಲ್ಪ ಎಣ್ಣೆ ಸವರಿ ಅಂಗಳದಲ್ಲಿ ಬಿಸಿಲಿಗೆ ಹರವಿ, ನೀರು ಚಿಮುಕಿಸಿ, ರಾತ್ರಿ ಗುಡ್ಡೆ ಹಾಕಿಟ್ಟು, ಮತ್ತೆ ಒಣಗಿಸಿ, ಮತ್ತೆ ರೋಲರಿಗೆ ಬಿಡುತ್ತಾರೆ. ಹೀಗೆ ಮೂರು ನಾಲ್ಕು ಸಲ ಆಗಬೇಕು. ಕಾಳು ಬೇಳೆಯಾಗಿ ಹೊರಬರಲು ಐದಾರು ದಿನಗಳೇ ಹಿಡಿಯುವುವು. ಮೋಡ ಕವಿದರೆ ಕೆಲಸ ನಿಂತಂತೆಯೇ. ಕಾಳಿನಲ್ಲಿ ಬೇಳೆಯ ಭಾಗವು ನೂರಕ್ಕೆ 85ರಷ್ಟಿರುತ್ತದೆ. ಹಳೆಯ ಪದ್ಧತಿಯ ಗಿರಣಿಯಲ್ಲಿ ಕೈಗೆ ಬರುವ ಬೇಳೆ ನೂರಕ್ಕೆ 68ರಿಂದ 75ರವರೆಗೆ ಮಾತ್ರ. ಉಳಿದುದರಲ್ಲಿ ಸಿಪ್ಪೆಯನ್ನು ಬಿಟ್ಟು ಮಿಕ್ಕದ್ದೆಲ್ಲ ನುಚ್ಚು, ಹುಡಿ, ಚುನ್ನಿಯಾಗಿ ದನದ ಮೇವಿನ ದರಕ್ಕೆ ಹೋಗುತ್ತದೆ. ಮನುಷ್ಯನ ಆಹಾರವಾಗಬೇಕಾದ ಈ ಭಾಗದ ಬೆಲೆಯನ್ನು ಗಿರಣಿಯವನು ಕಳೆದುಕೊಳ್ಳುವನು. ಅಂತಿಮವಾಗಿ ಅದನ್ನು ತೆರುವವನು ಕಾಳು ಮಾರಿದ ರೈತನೇ.

ಇದಕ್ಕೆ ಉಪಾಯವಿಲ್ಲವೆಂದಲ್ಲ. 1950ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು, ಕಾಳಿಗೆ ಬಿಸಿಗಾಳಿ ಹಾಯಿಸಿ, ತಕ್ಕಷ್ಟು ಹೊತ್ತು ಆರಲು ಬಿಟ್ಟು, ಎಣ್ಣೆಯಿಲ್ಲದೆ ಸಿಪ್ಪೆಯನ್ನು ಸಡಿಲಿಸುವ ಕ್ರಮವನ್ನು ಕಂಡುಹಿಡಿದು ಅರ್ಧ ಶತಮಾನವೇ ಕಳೆದಿದೆ. ಈ ಕ್ರಮದಲ್ಲಿ ಬಿಸಿಲಿನ ಹಂಗಿಲ್ಲ, ಬೇಳೆಯ ಪ್ರಮಾಣವೂ ಹೆಚ್ಚು. ಅಕೋಲಾದ ಪಂಜಾಬರಾವ್ ದೇಶಮುಖ ಕೃಷಿ ವಿದ್ಯಾಪೀಠದವರು ಹಳ್ಳಿಯಲ್ಲಿಯೇ ನಡೆಸಬಹುದಾದ ಸಣ್ಣ ಬೇಳೆ ಗಿರಣಿಯನ್ನು ರೂಪಿಸಿದರು; ವಿದರ್ಭದ ಗ್ರಾಮಗಳಲ್ಲಿ ಅದು ಬಳಕೆಗೆ ಬಂದಿದೆ. ಹಾಗಾದರೆ ಕಲಬುರಗಿಯ ಅಂಗಳಗಳಲ್ಲಿ ಇಂದಿಗೂ ಬೇಳೆಯನ್ನು ಬಿಸಿಲಿಗೆ ಹರವುವುದು ಏಕೆ? ಬಿಸಿಲಿಗೆ ಹಣ ಕೊಡಬೇಕಾಗಿಲ್ಲ, ಬಿಸಿಗಾಳಿಗೆ ಉರುವಲು ಬೇಕು. ಉರುವಲಿನ ಖರ್ಚು ಪ್ರತಿದಿನವೂ ಕಣ್ಣಿಗೆ ಕಾಣುತ್ತದೆ, ನುಚ್ಚಾಗಿ ಹೋದ ಬೇಳೆಯ ಖರ್ಚು ಲೆಕ್ಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಬಹುಪಾಲು ಸಣ್ಣ ಗಿರಣಿಗಳಲ್ಲಿ ತಿಂಗಳ ಕೊನೆಗೆ ಒಟ್ಟು ಕೊಂಡ ಕಾಳೆಷ್ಟು, ಒಟ್ಟು ಮಾರಿದ ಬೇಳೆಯೆಷ್ಟು ಎಂಬ ಲೆಕ್ಕವಿರುತ್ತದೆಯೇ ಹೊರತು, ಯಾವ ಊರಿನ ಯಾವ ತಳಿಯ ಕಾಳು ನೂರಕ್ಕೆ ಎಷ್ಟು ಬೇಳೆ ಕೊಟ್ಟಿತೆಂಬ ಲೆಕ್ಕವಿರುವುದಿಲ್ಲ. ಹತ್ತು ಊರಿನ ಕಾಳು ಒಂದೇ ಗುಡ್ಡೆಯಲ್ಲಿ ಬೆರೆತ ಮೇಲೆ ಆ ಲೆಕ್ಕವನ್ನು ಇಡುವುದಾದರೂ ಹೇಗೆ? ಲೆಕ್ಕವಿಲ್ಲದ ಕಡೆ ಹೊಸ ಕ್ರಮವು ಗೆದ್ದರೂ ಗೆದ್ದುದು ತಿಳಿಯದು, ಸೋತರೆ ಮಾತ್ರ ಊರೆಲ್ಲ ತಿಳಿಯುವುದು. ಇಂತಹ ಸ್ಥಿತಿಯಲ್ಲಿ ಬುದ್ಧಿವಂತನಾದ ಗಿರಣಿಯವನು ಹಳೆಯದನ್ನೇ ಮಾಡುತ್ತ ಕುಳಿತರೆ ಅವನನ್ನು ಸೋಮಾರಿಯೆಂದು ಜರೆಯುವುದು ನ್ಯಾಯವಲ್ಲ.

ಈ ಸೀಮೆಯ ಜನರು ಹೊಸದಕ್ಕೆ ಹೆದರುವವರೆಂಬ ಮಾತನ್ನು ಪಟ್ಟಣದವರು ಆಗಾಗ ಆಡುವುದುಂಟು. ಅದು ಸುಳ್ಳೆಂಬುದಕ್ಕೆ ತೊಗರಿಯೇ ಸಾಕ್ಷಿ. ನೆಟೆರೋಗದಿಂದ ಹೊಲಕ್ಕೆ ಹೊಲವೇ ಒಣಗುತ್ತಿದ್ದ ಕಾಲದಲ್ಲಿ, ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆಯವರು ಆರಿಸಿದ ರೋಗನಿರೋಧಕ ತಳಿಯು 1986ರಲ್ಲಿ ‘ಮಾರುತಿ’ ಎಂಬ ಹೆಸರಿನಿಂದ ಕರ್ನಾಟಕದಲ್ಲಿ ಬಿಡುಗಡೆಯಾಯಿತು. ಏಳೆಂಟು ವರ್ಷಗಳೊಳಗಾಗಿ ಅದು ಈ ಭಾಗದ ತೊಗರಿ ಹೊಲಗಳ ಬಹುಭಾಗವನ್ನು ಆವರಿಸಿತು. ರೋಗ ಹತ್ತಿದ ಹೊಲದಲ್ಲಿ ಹಳೆಯ ತಳಿ ಬಿದ್ದು ಹೊಸ ತಳಿ ನಿಂತುದನ್ನು ಬದುವಿನ ಮೇಲೆ ನಿಂತ ಯಾರಾದರೂ ನೋಡಬಹುದಾಗಿತ್ತು. ಅದಕ್ಕಿಂತ ಮಿಗಿಲಾದ ಅಳತೆ ಬೇಕಾಗಿರಲಿಲ್ಲ. ಮುಂದೆ ಬೀದರ ಕಡೆಯ ರೈತರು ತೊಗರಿಯನ್ನು ಚೀಲಗಳಲ್ಲಿ ಸಸಿ ಮಾಡಿ ನಾಟಿ ಹಾಕುವುದನ್ನು ರೂಢಿಗೆ ತಂದುದು, ಕುಡಿ ಚಿವುಟಿ ಕವಲು ಹೆಚ್ಚಿಸುವುದು, ರಾಯಚೂರು ಕೃಷಿ ವಿಶ್ವವಿದ್ಯಾನಿಲಯದ ‘ಪಲ್ಸ್ ಮ್ಯಾಜಿಕ್’ ಸಿಂಪಡಿಸುವುದು, ಇವೆಲ್ಲವೂ ಹೀಗೆಯೇ ಹಬ್ಬಿದುವು. (2022ರ ಹಂಗಾಮಿನಲ್ಲಿ ನೆಟೆರೋಗವು ಮತ್ತೆ ಅಪಾರ ಹಾನಿ ಮಾಡಿತು. ಒಮ್ಮೆ ಗೆದ್ದ ತಳಿಯ ಮೇಲೆ ಭಾರ ಹಾಕಿ ನಿದ್ರಿಸುವಂತಿಲ್ಲವೆಂಬುದು ಬೇರೆ ಮಾತು.) ಇನ್ನು ಹಳೆಯ ಕಾಲದ ಮಾತು ಬೇಕೆಂದರೆ, ಕಲಬುರಗಿಯ ಕೋಟೆಯೊಳಗೆ 1367ರಲ್ಲಿ ಮುಗಿದ ಜಾಮಿ ಮಸೀದಿಯನ್ನು ನೋಡಬಹುದು. ಮಸೀದಿಗೆ ಬಯಲಂಗಳ ಇರಬೇಕೆಂಬ ವಾಡಿಕೆಯನ್ನು ಬಿಟ್ಟು, ಅದರ ಶಿಲ್ಪಿಯು ಅಂಗಳದ ಜಾಗವನ್ನೆಲ್ಲ ಗುಮ್ಮಟಗಳ ಚಾವಣಿಯಿಂದ ಮುಚ್ಚಿದನು. ಆರು ನೂರು ವರ್ಷಗಳಿಗೂ ಮೇಲ್ಪಟ್ಟು ಆ ಕಟ್ಟಡವು ನಿಂತಿದೆ.

ಹೊಲದಲ್ಲಿ ಕಣ್ಣಿಗೆ ಕಂಡುದು ಗಿರಣಿಯಲ್ಲಿ ಕಾಣುವುದಿಲ್ಲ, ತೊಡಕು ಇಷ್ಟೇ. ಇಂತಹ ತೊಡಕನ್ನು ಬಿಡಿಸಿಕೊಂಡ ಒಂದು ದೇಶದ ವೃತ್ತಾಂತವು ಇಲ್ಲಿ ಉಪಯುಕ್ತವಾಗಬಹುದು. 1870ರ ಅನಂತರದ ವರ್ಷಗಳಲ್ಲಿ ಅಮೆರಿಕದಿಂದಲೂ ರಷ್ಯದಿಂದಲೂ ಅಗ್ಗದ ಧಾನ್ಯವು ಯೂರೋಪಿಗೆ ಹರಿದು ಬಂದು, ಡೆನ್ಮಾರ್ಕ್ ಎಂಬ ಸಣ್ಣ ದೇಶದ ರೈತರ ಗೋದಿಗೆ ಬೆಲೆಯಿಲ್ಲದಂತಾಯಿತು. ಇಂದು ಹೊರದೇಶದ ತೊಗರಿಯನ್ನು ಕುರಿತು ಇಲ್ಲಿ ಕೇಳಿಬರುವ ದೂರೇ ಅಂದು ಅಲ್ಲಿಯೂ ಕೇಳಿಬಂದಿತು. ಆ ರೈತರು ಧಾನ್ಯವನ್ನು ಮಾರುವ ಬದಲು ದನಗಳಿಗೆ ಹಾಕಿ ಬೆಣ್ಣೆ ಮಾಡಿ ಮಾರಲು ತೊಡಗಿದರು. 1882ರಲ್ಲಿ ಯುಟ್‌ಲ್ಯಾಂಡಿನ ಹೆದ್ದಿಂಗ್ ಎಂಬ ಹಳ್ಳಿಯಲ್ಲಿ ರೈತರೇ ಕೂಡಿ ಮೊದಲ ಸಹಕಾರಿ ಬೆಣ್ಣೆ ಕೇಂದ್ರವನ್ನು ಸ್ಥಾಪಿಸಿದರು. ಆದರೆ ಹಾಲಿಗೆ ತೂಕದ ಮೇಲೆ ಹಣ ಕೊಡುವವರೆಗೆ, ದನಕ್ಕೆ ಒಳ್ಳೆಯ ಮೇವಿಟ್ಟವನಿಗೂ ತೆಳ್ಳನೆಯ ಹಾಲು ತಂದವನಿಗೂ ಒಂದೇ ದರ. ಫ್ಯೋರ್ಡ್ ಎಂಬ ಪಂಡಿತನು ಪ್ರತಿಯೊಬ್ಬನ ಹಾಲಿನಲ್ಲಿರುವ ಕೊಬ್ಬಿನ ಅಂಶವನ್ನು ಬೇಗನೆ ಅಳೆಯುವ ಸಾಧನವನ್ನು ಒದಗಿಸಿದ ಮೇಲೆ, ಬೆಣ್ಣೆಯಂಶಕ್ಕೆ ತಕ್ಕ ಹಣ ಕೊಡುವುದು ಸಾಧ್ಯವಾಯಿತು. ಅಲ್ಲಿಂದ ಮುಂದೆ ಮೇವು, ತಳಿ, ಕೊಟ್ಟಿಗೆಯ ಚೊಕ್ಕಟತನ ಇವುಗಳಲ್ಲಿ ಪ್ರತಿಯೊಂದು ಸಣ್ಣ ಸುಧಾರಣೆಯೂ ಮಾಡಿದವನ ಕೈಗೆ ಹಣವಾಗಿ ಬಂದಿತು. ದೇಶದ ಬೆಣ್ಣೆಗೆಲ್ಲ ‘ಲೂರ್’ ಎಂಬ ಒಂದೇ ಮುದ್ರೆ ಬಿದ್ದುದು ಆಮೇಲೆ, 20ನೆಯ ಶತಮಾನದ ಆರಂಭದಲ್ಲಿ.

ಅಲ್ಲಿ ಮೊದಲು ಅಳತೆ ಬಂದಿತು, ಮುದ್ರೆ ಅನಂತರ ಬಂದಿತು. ಕಲಬುರಗಿಯಲ್ಲಿ ಮುದ್ರೆಯು ಮೊದಲೇ ಬಂದಿದೆ. ಅಳತೆಯು ಇನ್ನೂ ಬರಬೇಕಾಗಿದೆ. ಗಂಜಿನ ಅಡತಿ ಅಂಗಡಿಯಲ್ಲಿ ಕಾಳಿನ ದರವು ಒಂದು ಹಿಡಿಯನ್ನು ಅಂಗೈಯಲ್ಲಿ ಹಾಕಿಕೊಂಡು ನೋಡಿದ ಕಣ್ಣಿನಿಂದ ನಿಶ್ಚಯವಾಗುತ್ತದೆ. ಆ ಕಣ್ಣು ಅನುಭವಶಾಲಿಯಾದುದೆಂಬುದರಲ್ಲಿ ಸಂದೇಹವಿಲ್ಲ. ಆದರೆ ತೇವಾಂಶವು ನೂರಕ್ಕೆ 12ನ್ನು ಮೀರಿದೆಯೇ ಇಲ್ಲವೇ ಎಂಬುದನ್ನೂ, ಒಂದೇ ತಳಿಯ ಒಂದೇ ಗಾತ್ರದ ಕಾಳು ರೋಲರಿನಲ್ಲಿ ಎಷ್ಟು ಕಡಮೆ ಒಡೆಯುವುದೆಂಬುದನ್ನೂ ಅದು ಹೇಳಲಾರದು. ತಳಿ ಬೇರ್ಪಡಿಸಿ, ಚೆನ್ನಾಗಿ ಒಣಗಿಸಿ, ಮಣ್ಣು ಕಡ್ಡಿ ತೆಗೆದು ತಂದವನಿಗೆ ಬೆರಕೆ ತಂದವನಿಗಿಂತ ಹೆಚ್ಚಿಗೆ ದೊರೆಯುವುದು ಅತ್ಯಲ್ಪ. ಹೀಗಿರುವಲ್ಲಿ ಮುಂದಿನ ವರ್ಷ ಅವನೂ ಬೆರಕೆಯನ್ನೇ ತರುವನು.

ಇಲ್ಲಿಯೇ ಗ್ರಾಮದ ಮುಖಂಡರಿಗೂ ದೊಡ್ಡ ಜಮೀನುದಾರರಿಗೂ ಕೆಲಸವಿರುವುದು. ಒಂದೊಂದು ಚೀಲ ತರುವ ಸಣ್ಣ ರೈತನು ಗಿರಣಿಯವನೊಡನೆ ಕರಾರು ಮಾಡಲಾರನು. ಊರಿನ ಹತ್ತು ಮಂದಿ ಕೂಡಿ ಒಂದೇ ತಳಿಯ 20 ಕ್ವಿಂಟಲ್ ಕಾಳನ್ನು ಬೇರೆಯಾಗಿ ಕೂಡಿಸಿದರೆ ಮಾಡಬಹುದು. ಆ ಕಾಳನ್ನು ಬೇರೆ ಯಾವುದರೊಡನೆಯೂ ಬೆರಸದೆ ಒಡೆಯಿಸಿ, ಬೇಳೆ, ನುಚ್ಚು, ಸಿಪ್ಪೆ ಮೂರನ್ನೂ ತೂಗಿ ಬರೆದಿಡಬೇಕೆಂದು ಗಿರಣಿಯವನನ್ನು ಒಪ್ಪಿಸತಕ್ಕದ್ದು. ಬೆರಕೆ ಕಾಳು ಕ್ವಿಂಟಲಿಗೆ 71 ಕಿಲೋ ಬೇಳೆ ಕೊಡುವಲ್ಲಿ ಈ ಕಾಳು 76 ಕಿಲೋ ಕೊಟ್ಟಿತೆಂದು ಇಟ್ಟುಕೊಳ್ಳೋಣ. 20 ಕ್ವಿಂಟಲಿಗೆ ಒಂದು ಕ್ವಿಂಟಲ್ ಬೇಳೆ ಹೆಚ್ಚಾಯಿತು. ಅದರಲ್ಲಿ ಅರ್ಧ ಗಿರಣಿಗೆ, ಅರ್ಧ ಕಾಳು ತಂದವರಿಗೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ, ಮುಂದಿನ ಸಲ ಗಿರಣಿಯವನು ತಾನಾಗಿಯೇ ರೋಲರಿನ ಅಂತರವನ್ನು ಬದಲಿಸಿ ನೋಡುವನು, ರೈತನು ತಾನಾಗಿಯೇ ಕಾಳನ್ನು ಇನ್ನೆರಡು ದಿನ ಒಣಗಿಸುವನು. ಇಬ್ಬರಿಗೂ ಉಪದೇಶ ಮಾಡುವ ಅಗತ್ಯ ಬೀಳದು.

ಗಿರಣಿಯೊಳಗಿನ ಮಾತೊಂದನ್ನು ಗಿರಣಿಯುಳ್ಳ ಜಮೀನುದಾರರು ವಿಶೇಷವಾಗಿ ಗಮನಿಸಬೇಕು. ರೋಲರು ಕಾಳನ್ನು ಹೆಚ್ಚಾಗಿ ಒಡೆಯುತ್ತಿದೆಯೆಂಬುದು ಯಂತ್ರದ ಪಕ್ಕದಲ್ಲಿ ನಿಂತ ಮಿಸ್ತ್ರಿಗೆ ಸದ್ದಿನಿಂದಲೇ ತಿಳಿಯುತ್ತದೆ. ಬೇಳೆ ಪೂರ್ತಿ ಒಣಗಿಲ್ಲವೆಂಬುದು ಅಂಗಳದಲ್ಲಿ ಅದನ್ನು ಕಾಲಿನಿಂದ ಹೊರಳಿಸುವ ಹೆಣ್ಣಾಳಿಗೆ ತಿಳಿಯುತ್ತದೆ. ಯಾವ ಊರಿನ ಚೀಲದಲ್ಲಿ ಹೆಂಟೆ ಹೆಚ್ಚೆಂಬುದನ್ನು ಹಮಾಲನು ಬೆನ್ನಿನಿಂದಲೇ ಬಲ್ಲನು. ಇವರಲ್ಲಿ ಯಾರನ್ನೂ ಯಾರೂ ಕೇಳುವುದಿಲ್ಲ; ಕೇಳದೆ ಹೇಳಿದರೆ ಅಧಿಕಪ್ರಸಂಗವೆನಿಸುವುದು. ದಿನಗೂಲಿಯವನು ಯಂತ್ರವನ್ನು ನಿಲ್ಲಿಸಿ ದೋಷ ತೋರಿಸಿದರೆ ಆ ಹೊತ್ತಿನ ಕೂಲಿ ಕಡಿಯುವ ಪದ್ಧತಿಯಿರುವಲ್ಲಿ, ದೋಷವು ಸಂಜೆಯವರೆಗೂ ನಡೆಯುತ್ತಲೇ ಇರುವುದರಲ್ಲಿ ಆಶ್ಚರ್ಯವೇನು? ಹೆಚ್ಚಾದ ಬೇಳೆಯ ಒಂದು ಸಣ್ಣ ಪಾಲು ಕೆಲಸಗಾರರಿಗೆ ಸಲ್ಲುವಂತೆ ಮಾಡಿ, ಅವರು ಹೇಳಿದುದನ್ನು ಪುಸ್ತಕದಲ್ಲಿ ಬರೆದು ಒಂದು ಚೀಲದ ಮೇಲೆ ಪರೀಕ್ಷಿಸುವುದು ಯಾವ ಸಾರ್ಟೆಕ್ಸಿಗಿಂತಲೂ ಅಗ್ಗ.

ಸಣ್ಣ ಗಿರಣಿಗೆ ಪ್ರಯೋಗದ ನಷ್ಟವನ್ನು ತಾಳುವ ಶಕ್ತಿಯಿಲ್ಲವೆಂಬ ಆಕ್ಷೇಪವು ಬರುವುದು. ಅದು ತೂಕವುಳ್ಳ ಆಕ್ಷೇಪವೇ. ಆದರೆ ಒಂದು ಚೀಲ ಕೆಟ್ಟರೆ ಒಂದು ಚೀಲದ ನಷ್ಟ. ಪರೀಕ್ಷಿಸದೆ ಕೊಂಡ ಯಂತ್ರ ಕೆಲಸಕ್ಕೆ ಬಾರದಿದ್ದರೆ ಹತ್ತು ವರ್ಷದ ಸಾಲ. ಸರಕಾರದ ನೆರವೂ ಹೆಚ್ಚಾಗಿ ಯಂತ್ರದ ಕಡೆಗೇ ಇರುತ್ತದೆಂಬುದನ್ನು ಇಲ್ಲಿ ಹೇಳದೆ ಇರಲಾಗದು. 2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆಯು ಬಂಡವಾಳದ ನೂರಕ್ಕೆ 35 ಭಾಗವನ್ನು, 10 ಲಕ್ಷ ರೂಪಾಯಿಗಳ ಮಿತಿಯೊಳಗೆ, ಸಹಾಯಧನವಾಗಿ ಕೊಡಲು ಏರ್ಪಡಿಸಿತು. ಅದರಿಂದ ಅನೇಕರಿಗೆ ಅನುಕೂಲವಾಗಿದೆ. ಯಂತ್ರ ಕೊಳ್ಳುವವನಿಗೆ ದೊರೆಯುವ ಈ ನೆರವಿನಲ್ಲಿ ಒಂದಂಶವಾದರೂ, ಪರೀಕ್ಷೆ ಮಾಡಿ ಲೆಕ್ಕವನ್ನು ನೆರೆಯವರಿಗೆ ತೋರಿಸಿದವನಿಗೆ ದೊರೆಯುವಂತಾದರೆ ಹಣವು ಇನ್ನೂ ಚೆನ್ನಾಗಿ ವಿನಿಯೋಗವಾದೀತು.

ಹೆಸರೊಂದೇ ಬೆಳೆಯನ್ನು ಉಳಿಸಲಾರದೆಂಬುದಕ್ಕೆ ಕಮಲಾಪುರದ ಕೆಂಪು ಬಾಳೆಯು ಹತ್ತಿರದ ನಿದರ್ಶನ. ಅದಕ್ಕೂ ಭೌಗೋಳಿಕ ಸೂಚಕವಿದೆ. ಹಣ್ಣಿನ ರುಚಿಗೆ ಎದುರಿಲ್ಲ. ಆದರೆ ಇತರ ಬಾಳೆಗಿಂತ ಹೆಚ್ಚು ಕಾಲ ಹೊಲದಲ್ಲಿ ನಿಲ್ಲಬೇಕಾದ ಈ ಬೆಳೆಯು ಹಿಂದಿನಷ್ಟು ವಿಸ್ತಾರದಲ್ಲಿ ಉಳಿದಿಲ್ಲ. ಹುಮನಾಬಾದ ರಸ್ತೆಯ ಅಂಗಡಿಗಳಲ್ಲಿ ಹಾದುಹೋಗುವವರು ಕೊಳ್ಳುವ ಹಣ್ಣು ಎಂಬುದಕ್ಕಿಂತ ಹೆಚ್ಚಿನ ವ್ಯಾಪಾರವನ್ನು ಅದರ ಸುತ್ತ ಕಟ್ಟಲು ನಡೆದ ಪ್ರಯತ್ನ ಸಾಲದು. ಇದಕ್ಕೆ ಪ್ರತಿಯಾಗಿ ಜೋಳದ ರೊಟ್ಟಿಯನ್ನು ನೋಡಬೇಕು. ಜಿಲ್ಲಾಡಳಿತದ ಬೆಂಬಲದಿಂದ ಮಹಿಳಾ ಸಂಘಗಳವರು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಅದನ್ನು ದೂರದ ಊರುಗಳಿಗೂ ಕಳುಹಿಸತೊಡಗಿದರು. 2025ರ ಜೂನ್ ತಿಂಗಳಲ್ಲಿ ಪ್ರಧಾನಮಂತ್ರಿಗಳು ತಮ್ಮ ಬಾನುಲಿ ಭಾಷಣದಲ್ಲಿ, ಅಲ್ಲಿ ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿಗಳಾಗುತ್ತಿರುವುದನ್ನು ಹೇಳಿದರು. ರೊಟ್ಟಿಯು ಹೊಸ ಪದಾರ್ಥವಲ್ಲ. ಒಂದೇ ಅಳತೆ, ಎಣಿಕೆಯ ಕಟ್ಟು, ಮಾಡಿದವರ ಹೆಸರು, ಕೇಳಿದಲ್ಲಿಗೆ ತಲಪಿಸುವ ಏರ್ಪಾಡು, ಇವು ಹೊಸವು.

ತೊಗರಿಯ ರಾಶಿಯು ಡಿಸೆಂಬರಿನಿಂದ ಫೆಬ್ರವರಿಯವರೆಗೆ ನಡೆಯುವುದರಿಂದ, ಪ್ರಯೋಗಕ್ಕೆ ಬೇಕಾದ ಕಾಳನ್ನು ಗೊತ್ತುಮಾಡುವ ಕೆಲಸವು ಬೆಳೆ ಹೊಲದಲ್ಲಿರುವಾಗಲೇ ಆಗಬೇಕು. ಹೂ ಬಿಡುವ ಕಾಲದಲ್ಲಿ ಹೊಲದಲ್ಲಿ ತಿರುಗಿ ಬೆರಕೆ ಗಿಡಗಳನ್ನು ಕಿತ್ತುಹಾಕತಕ್ಕದ್ದು. ರಾಶಿ ಯಂತ್ರವು ಒಂದು ಹೊಲದಿಂದ ಮತ್ತೊಂದಕ್ಕೆ ಬರುವಾಗ ಅದರೊಳಗೆ ಉಳಿದ ಕಾಳನ್ನು ಪೂರ್ತಿಯಾಗಿ ತೆಗೆಯಿಸತಕ್ಕದ್ದು. ತಳಿಗಳು ಬೆರೆಯುವುದು ಬಹುಮಟ್ಟಿಗೆ ಇಲ್ಲಿಯೇ. ಕಾಳನ್ನು ಒಣಗಿಸಿ ಚೀಲ ತುಂಬಿದ ಮೇಲೆ, ಕೂಡಿಸಿದ ಚೀಲಗಳಲ್ಲಿ ಪ್ರತಿಯೊಂದರ ಮೇಲು, ನಡು, ತಳಗಳಿಂದ ಒಂದೊಂದು ಹಿಡಿ ತೆಗೆದು ಬೆರಸಿ ಮೂರು ಮಾದರಿಗಳನ್ನು ಮಾಡಿ, ಒಂದನ್ನು ಗಿರಣಿಯವನಿಗೂ ಒಂದನ್ನು ಕಾಳಿನವರಿಗೂ ಕೊಟ್ಟು, ಮೂರನೆಯದನ್ನು ಮೊಹರು ಮಾಡಿ ಗ್ರಾಮ ಪಂಚಾಯಿತಿಯಲ್ಲಾಗಲಿ ರೈತ ಉತ್ಪಾದಕ ಕಂಪನಿಯ ಕಚೇರಿಯಲ್ಲಾಗಲಿ ಇಡತಕ್ಕದ್ದು. ಒಡೆಯುವ ದಿನಗಳಲ್ಲಿ ಕಾಳಿನವರ ಪರವಾಗಿ ಓದುಬರಹ ಬಲ್ಲ ಒಬ್ಬ ತರುಣನು ಗಿರಣಿಯಲ್ಲಿ ಹಾಜರಿದ್ದು, ತೂಕದ ಪುಸ್ತಕದಲ್ಲಿ ಗಿರಣಿಯವನ ಸಹಿಯೊಡನೆ ತನ್ನ ಸಹಿಯನ್ನೂ ಹಾಕಲಿ. ಪುಸ್ತಕವು ಮರುವರ್ಷದ ಬಿತ್ತನೆಗೆ ಮುಂಚೆ, ಮಿರ್ಗದ ಮಳೆ ಬೀಳುವುದರೊಳಗೆ, ಚಾವಡಿಯ ಕಟ್ಟೆಯ ಮೇಲೆ ಎಲ್ಲರೆದುರಿಗೆ ಓದಲ್ಪಡಲಿ.